ಕೆಂಪು ಚುಕ್ಕೆಯ ಗಂಡು ಕಣಜ

ಮೊನ್ನೆ ಭಾನುವಾರ ಬೆಳಿಗ್ಗೆ ಮಗಳು ಜಗಲಿಯ ಮೇಲೆ ಕಾಲು ಚಾಚಿ ಕೂತು ನೇಲ್ ಪಾಲಿಶ್ ಹಚ್ಚಿಕೊಳ್ಳುತ್ತಿದ್ದಳು. ಗೆಳತಿಯ ಅಕ್ಕನ ಮದುವೆಗೆ ಹೊರಡುವ ತಯಾರಿ. ನಾನು ಪಕ್ಕದಲ್ಲಿ ಪೇಪರ್ ಓದುತ್ತಿದ್ದೆ. ಅವಳು ಬಾಟಲಿಯ ಮುಚ್ಚಳ ತಿರುಗಿಸಿದ ಕೂಡಲೇ ಆ ಘಾಟು ಮೂಗಿಗೆ ಬಂತು. ಬೇರೆಯವರಿಗೆ ಈ ವಾಸನೆಯಿಂದ ಮದುವೆಮನೆ ನೆನಪಾಗಬಹುದು, ಕಾಲೇಜಿನ ದಿನಗಳು ನೆನಪಾಗಬಹುದು. ನನಗೆ ನೆನಪಾಗುವುದು ಕಣಜದ ಹುಳುಗಳು. ಅವುಗಳ ಹಿಂದೆಯೇ, ಒಂದು ಕೈಯಲ್ಲಿ ಕೆಂಪು ಬಾಟಲಿ, ಇನ್ನೊಂದು ಕೈಯಲ್ಲಿ ಚೂಪು ಮಾಡಿದ ಬೆಂಕಿಕಡ್ಡಿ ಹಿಡಿದು ಮರದ ಸ್ಟೂಲಿನ ಮೇಲೆ ನಿಂತ ಮೇಡಂ…

ಕೆಂಪು ಎಂದು ಬರೆದೆ. ಬರೆದ ಮೇಲೆ ಅನುಮಾನ ಬಂತು. ಒಳಗಿದ್ದ ಹೆಂಡತಿಯನ್ನು ಕೂಗಿ ಕೇಳಿದೆ. "ಕೆಂಪಲ್ಲ ರೀ, ರಾಣಿ ಕಲರ್," ಎಂದಳು. ನಾನು ಓದಿದ್ದು ಸಂಖ್ಯಾಶಾಸ್ತ್ರ. ಒಬ್ಬನ ನೆನಪನ್ನು ಪುರಾವೆ ಎಂದು ಒಪ್ಪಬಾರದು ಎಂದು ಮಕ್ಕಳಿಗೆ ಪಾಠ ಮಾಡುವವನು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಬರೆಯುತ್ತಿರುವುದರಲ್ಲಿ ನಡೆದದ್ದೆಷ್ಟು, ಇಪ್ಪತ್ತು ವರ್ಷಗಳಲ್ಲಿ ನಾನೇ ಸೇರಿಸಿಕೊಂಡದ್ದೆಷ್ಟು ಎಂದು ನನಗೆ ಖಾತ್ರಿಯಿಲ್ಲ. ಆದರೂ ಕೆಂಪು ಎಂದೇ ಇಟ್ಟುಕೊಳ್ಳುತ್ತೇನೆ.

ಆಗ ನಾನು ಶಿವಮೊಗ್ಗದ ಒಂದು ಕಾಲೇಜಿಗೆ ಹೊಸದಾಗಿ ಸೇರಿದ್ದೆ. ವಿದ್ಯಾನಗರದಲ್ಲಿ ಮೇಡಂ ಮನೆಯ ಹಿಂದಿನ ಒಂಟಿ ಕೋಣೆ ಬಾಡಿಗೆಗೆ ಸಿಕ್ಕಿತ್ತು. ಅವರು ಪ್ರಾಣಿಶಾಸ್ತ್ರದ ಲೆಕ್ಚರರ್ ಆಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಎತ್ತರದ ಆಳು, ಕಾಟನ್ ಸೀರೆ, ಕತ್ತಿಗೆ ದಾರ ಕಟ್ಟಿ ನೇತುಹಾಕಿದ ಕನ್ನಡಕ. ಇಡೀ ಬೀದಿ ಅವರನ್ನು ಮೇಡಂ ಎಂದೇ ಕರೆಯುತ್ತಿತ್ತು. ಅವರ ಹೆಸರು ನನಗೆ ಗೊತ್ತಾದದ್ದೇ ಬಾಡಿಗೆ ಕರಾರಿನ ಮೇಲೆ ಸಹಿ ಹಾಕುವಾಗ.

ಮನೆಯ ಮುಂದಿನ ಪೋರ್ಟಿಕೋದ ಮೂಲೆಯಲ್ಲಿ, ಕರೆಂಟ್ ಮೀಟರಿನ ನೇರ ಮೇಲೆ, ಒಂದು ಕಣಜದ ಗೂಡಿತ್ತು. ಕಡ್ಡಿಯಂಥ ಒಂದು ಕಾಲಿನಿಂದ ಜೋತುಬಿದ್ದ, ಬೂದು ಬಣ್ಣದ, ಕಾಗದದಂಥ ಗೂಡು. ಮೀಟರ್ ನೋಡಲು ಬರುವವನು ಗೇಟಿನಿಂದ ಒಳಗೆ ಕಾಲಿಡುತ್ತಿರಲಿಲ್ಲ. "ಮೇಡಂ, ನೀವೇ ಓದಿ ಹೇಳ್ಬಿಡಿ," ಎಂದು ಅಲ್ಲಿಂದಲೇ ಕೂಗುತ್ತಿದ್ದ. ಮೇಡಂ ಓದಿ ಹೇಳುತ್ತಿದ್ದರು. ಅವರು ಸುಳ್ಳು ಹೇಳುವವರಲ್ಲ ಎಂದು ಅವನಿಗೂ ಗೊತ್ತಿತ್ತು.

ಕೋಣೆ ಸೇರಿದ ಮೊದಲ ವಾರವೋ ಎರಡನೇ ವಾರವೋ, ಬೆಳಿಗ್ಗೆ ಹಲ್ಲುಜ್ಜುತ್ತ ಮುಂದೆ ಬಂದಾಗ ಅವರು ಸ್ಟೂಲಿನ ಮೇಲೆ ನಿಂತಿದ್ದರು. ಚಳಿಗೆ ಹುಳುಗಳು ಇನ್ನೂ ಜಡವಾಗಿ ಕೂತಿದ್ದವು. ನೋಡನೋಡುತ್ತಿದ್ದಂತೆ ಮೇಡಂ ಬರಿಗೈಯಲ್ಲಿ ಒಂದನ್ನು ಎತ್ತಿಕೊಂಡರು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಬೆಂಕಿಕಡ್ಡಿಯ ತುದಿಯನ್ನು ನೇಲ್ ಪಾಲಿಶಿನಲ್ಲಿ ಅದ್ದಿ, ಅದರ ಬೆನ್ನಿಗೆ ಒಂದು ಚುಕ್ಕೆ ಇಟ್ಟು, ಮತ್ತೆ ಗೂಡಿನ ಮೇಲೇ ಕೂರಿಸಿದರು. ನನ್ನ ಬಾಯಲ್ಲಿದ್ದ ಪೇಸ್ಟು ಅಂಗಿಯ ಮೇಲೆ ಇಳಿಯಿತು.

"ಕಚ್ಚಲ್ವಾ ಮೇಡಂ?"

"ಗಂಡು. ಕಚ್ಚೋಕೆ ಇದರ ಹತ್ರ ಏನೂ ಇಲ್ಲ. ಮುಖ ನೋಡು, ತಿಳಿಹಳದಿ. ಹೆಣ್ಣಿನ ಮುಖ ಇಷ್ಟು ಬಿಳುಪಿರಲ್ಲ."

"ತಪ್ಪಾಗಿ ಹೆಣ್ಣನ್ನೇ ಹಿಡಿದುಬಿಟ್ರೆ?"

"ಆಗ ಅದೇ ಹೇಳುತ್ತೆ," ಎಂದು ಕೆಳಗಿಳಿದರು.

ಅವರಿಗಿದ್ದ ಹುಚ್ಚು ಏನೆಂದು ನಿಧಾನವಾಗಿ ತಿಳಿಯಿತು. ಕಣಜದ ಗೂಡಿನಲ್ಲಿ ದುಡಿಯುವುದೆಲ್ಲ ಹೆಣ್ಣುಗಳೇ. ಮರದ ಸಿಪ್ಪೆ ಕೆರೆದು ತಂದು ಅಗಿದು ಗೂಡು ಕಟ್ಟುವುದು, ಹುಳುಹುಪ್ಪಟೆ ಹಿಡಿದು ತರುವುದು, ಮರಿಗಳಿಗೆ ತಿನ್ನಿಸುವುದು, ಬಂದವರಿಗೆ ಚುಚ್ಚುವುದು ಎಲ್ಲವೂ ಅವುಗಳದ್ದೇ ಕೆಲಸ. ಗಂಡು ಹುಟ್ಟಿದ ಮೇಲೆ ಕೆಲವೇ ದಿನ ಗೂಡಿನ ಅಂಚಿನಲ್ಲಿ ಕೂತು ಅಕ್ಕತಂಗಿಯರು ತಂದದ್ದನ್ನು ತಿಂದುಕೊಂಡಿರುತ್ತದೆ. ಆಮೇಲೆ ಒಂದು ದಿನ ಹಾರಿಹೋಗುತ್ತದೆ. ಮತ್ತೆ ಆ ಗೂಡಿಗೆ ಬರುವುದಿಲ್ಲ. ಹೊರಗೆ ಎಲ್ಲೋ ಎಲೆ ಮೇಲೆ, ಹೂವಿನ ಮೇಲೆ, ಬೇಲಿಕಂಬದ ಮೇಲೆ ಕೂತು ಬೇರೆ ಗೂಡಿನ ಹೆಣ್ಣಿಗಾಗಿ ಕಾಯುತ್ತದೆ. ಸಿಕ್ಕರೆ ಕೂಡುತ್ತದೆ. ಸಿಗದಿದ್ದರೆ ಅಲ್ಲೇ ಎಲ್ಲೋ ಸಾಯುತ್ತದೆ.

"ಇಷ್ಟು ವರ್ಷ ಕ್ಲಾಸಲ್ಲಿ ಒಂದೇ ಸಾಲು ಹೇಳಿದೀನಿ," ಎಂದರು ಒಮ್ಮೆ ಕಾಫಿ ಕುಡಿಯುವಾಗ. "ಗಂಡುಗಳು ಗೂಡು ಬಿಟ್ಟು ಹೊರಗೆ ಹೋಗಿ ಕೂಡುತ್ತವೆ, ಬರ್ಕೊಳ್ಳಿ ಅಂತ. ಹೊರಗೆ ಅಂದ್ರೆ ಎಲ್ಲಿ ಮೇಡಂ ಅಂತ ಒಬ್ರೂ ಕೇಳ್ಲಿಲ್ಲ. ಕೇಳಿದ್ರೆ ನನಗೂ ಗೊತ್ತಿರ್ಲಿಲ್ಲ. ಈಗ ಟೈಮಿದೆ. ನನ್ನ ಮನೆಯಿಂದ ಹೊರಟ ಒಂದು ಗಂಡು ಎಲ್ಲಿಗೆ ಹೋಗಿ ಸೇರುತ್ತೆ ಅಂತ ಕಣ್ಣಾರೆ ನೋಡ್ಬೇಕು."

"ಒಂದನ್ನ ನೋಡಿದ್ರೆ ಏನೂ ಸಾಬೀತಾಗಲ್ಲ ಮೇಡಂ. ನಿಮಗೆ ನೂರಾರು ಬೇಕು."

"ನಿನಗೆ ನೂರಾರು ಬೇಕು ಮಾರಾಯ. ನನಗೆ ಒಂದು ಸಾಕು."

ಗಾಂಧಿ ಬಜಾರಿನ ಒಂದು ಫ್ಯಾನ್ಸಿ ಸ್ಟೋರಿನಿಂದ ಅವರು ನೇಲ್ ಪಾಲಿಶ್ ತರುತ್ತಿದ್ದರು. ಉಗುರಿಗೆ ಒಂದು ದಿನವೂ ಹಚ್ಚಿಕೊಂಡವರಲ್ಲ. ಅಂಗಡಿಯವನು ಪ್ರತಿಸಲವೂ ಅವರ ಖಾಲಿ ಉಗುರುಗಳನ್ನೇ ನೋಡುತ್ತಿದ್ದನಂತೆ. ಕೊನೆಗೆ ತಡೆಯಲಾರದೆ, "ಮೊಮ್ಮಗಳಿಗಾ ಮೇಡಂ?" ಎಂದು ಕೇಳಿದನಂತೆ. "ಅಲ್ಲಪ್ಪ, ಗಂಡುಹುಡುಗರಿಗೆ," ಎಂದು ಹೇಳಿ ಬಂದಿದ್ದರು. ಆಮೇಲೆ ನಾನು ಶೇವಿಂಗ್ ಬ್ಲೇಡಿಗೆ ಅದೇ ಅಂಗಡಿಗೆ ಹೋದಾಗ ಅವನು ನನ್ನ ಕೈಬೆರಳುಗಳನ್ನೇ ಪರೀಕ್ಷಿಸುವಂತೆ ನೋಡಿದ. ಮೇಡಂ ಮನೆಯ ಬಾಡಿಗೆಯವನು ಎಂದು ಅವನಿಗೆ ಹೇಗೆ ಗೊತ್ತಾಯಿತೋ ಕಾಣೆ.

ಬೀದಿಯವರಿಗೆಲ್ಲ ಮೇಡಂ ಸೂಚನೆ ಕೊಟ್ಟಿದ್ದರು. ಬೆನ್ನಿಗೆ ಕೆಂಪು ಚುಕ್ಕೆಯಿರುವ ಕಣಜ ಎಲ್ಲಾದರೂ ಕಂಡರೆ ಬಂದು ಹೇಳಬೇಕು. ಜನ ನಿಷ್ಠೆಯಿಂದ ಹೇಳುತ್ತಿದ್ದರು. ಹಾಲಿನವನು ಒಂದು ದಿನ ಮಾತ್ರೆ ಡಬ್ಬಿಯಲ್ಲಿ ಹುಳ ಹಿಡಿದುಕೊಂಡು ಬಂದ. ನೋಡಿದರೆ ಕೆಂಪು ಮೈಗೆ ಕಪ್ಪು ಚುಕ್ಕೆಯ ಗುಂಡು ಜೀರುಂಡೆ. "ಚುಕ್ಕೆ ಇದೆಯಲ್ಲ ಮೇಡಂ," ಎಂದು ವಾದಿಸಿದ. ಮೂಲೆಯ ಇಸ್ತ್ರಿ ಅಂಗಡಿಯವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಾನೇ ಮುಖ ನೋಡಿ ಗಂಡು ಎಂದು ತೀರ್ಮಾನಿಸಿ ಒಂದನ್ನು ಹಿಡಿದ. ಅರ್ಧ ಗಂಟೆಯ ಮೇಲೆ ಬದನೆಕಾಯಿಯಂತಾದ ಬೆರಳನ್ನು ಎತ್ತಿ ಹಿಡಿದುಕೊಂಡು ಬಂದು, "ಮೇಡಂ, ಅದು ಗಂಡಲ್ಲ," ಎಂದು ವರದಿ ಒಪ್ಪಿಸಿದ. ಮೇಡಂ ಅವನಿಗೆ ಐಸ್ ಕಟ್ಟಿ, ಕಾಫಿ ಕೊಟ್ಟು, "ಸರಿಯಾದ ಮಾಹಿತಿ," ಎಂದು ಹೊಗಳಿ ಕಳಿಸಿದರು.

ಆದರೆ ಚುಕ್ಕೆಯ ಗಂಡು ಮಾತ್ರ ಯಾರಿಗೂ ಸಿಗಲಿಲ್ಲ. ಇವತ್ತು ಗೂಡಿನ ಮೇಲಿದ್ದದ್ದು ನಾಳೆ ಇರುತ್ತಿರಲಿಲ್ಲ. ಮೇಡಂ ಸ್ವಲ್ಪ ಹೊತ್ತು ಗೂಡನ್ನು ನೋಡುತ್ತ ನಿಂತು, "ಹೋಯ್ತು," ಎಂದು ಸ್ಟೂಲು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಅವರ ದನಿಯಲ್ಲಿ ಬೇಸರವಿತ್ತೋ, ಅದು ಈಗ ನಾನು ಕೇಳಿಸಿಕೊಳ್ಳುತ್ತಿರುವುದೋ…

ಇನ್ನೊಂದು ಮಾತು ನೆನಪಿದೆ. ಗಂಡು ಹುಟ್ಟುವುದು ಗಂಡಿನ ಸಂಪರ್ಕವೇ ಇಲ್ಲದ ಮೊಟ್ಟೆಯಿಂದ ಎಂದು ವಿವರಿಸುತ್ತ, "ಅಂದ್ರೆ ಈ ಗಂಡುಗಳಿಗೆ ಅಪ್ಪ ಅಂತ ಇರೋದೇ ಇಲ್ಲ," ಎಂದರು. ನನ್ನ ಅಪ್ಪ ಹೋದಾಗ ನನಗಿನ್ನೂ ಬುದ್ಧಿ ಬಂದಿರಲಿಲ್ಲ. ನಮ್ಮ ಊರು ಹೊಳಲೂರಿನಲ್ಲಿ ನನ್ನನ್ನೂ ಅಮ್ಮನನ್ನೂ ಇಟ್ಟುಕೊಂಡು, ನನ್ನನ್ನು ಓದಿಸಿದವರು ದೊಡ್ಡಪ್ಪ. ಮೇಡಂಗೆ ಇದು ಗೊತ್ತಿತ್ತು. ಅವರು ಎದ್ದು ಒಳಗೆ ಹೋಗಿ, ಒಂದು ಲೋಟ ಕಾಫಿ ಕುಡಿದು ಮುಗಿಸಿದ್ದ ನನ್ನ ಮುಂದೆ ಇನ್ನೊಂದು ಲೋಟ ತಂದಿಟ್ಟರು. ಅಷ್ಟೇ.

ಆ ಚಳಿಗಾಲದಲ್ಲೇ ನನಗೆ ಭದ್ರಾವತಿಯ ಒಂದು ಸಂಬಂಧ ಬಂತು.

ಹುಡುಗಿಯ ತಂದೆ ಕಾರ್ಖಾನೆಯಲ್ಲಿ ದುಡಿದು ಬಿಟ್ಟು, ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವರು. ಸುತ್ತಲಿನ ಗದ್ದೆತೋಟಗಳ ಪಂಪಿನ ಮೋಟಾರು ಸುಟ್ಟರೆ ಬರುವುದು ಅಲ್ಲಿಗೇ. ಅವರ ಕೈ ನಡುಗಲು ಶುರುವಾದ ಮೇಲೆ ಮಗಳೇ ಮೋಟಾರಿನೊಳಗಿನ ತಂತಿಯ ಕಾಯಿಲ್ ಸುತ್ತುತ್ತಿದ್ದಳು. ಒಬ್ಬಳೇ ಮಗಳು. ಹೆಣ್ಣು ನೋಡಲು ನಾನು, ಅಮ್ಮ, ದೊಡ್ಡಪ್ಪ ಮೂವರೂ ಹೋದೆವು. ಉಪ್ಪಿಟ್ಟಿನ ತಟ್ಟೆ ನನ್ನ ಕೈಗೆ ಕೊಟ್ಟ ಬೆರಳುಗಳಲ್ಲಿ ತಾಮ್ರದ ತಂತಿ ಕೊರೆದ ಗೆರೆಗಳಿದ್ದವು. ಮೈಯಿಂದ ಕಾಯಿಲಿಗೆ ಬಳಿಯುವ ವಾರ್ನಿಷ್ ವಾಸನೆ ಬರುತ್ತಿತ್ತು. ಬೆಳಿಗ್ಗೆ ಯಾರದೋ ಅರ್ಜೆಂಟ್ ಮೋಟಾರು ಮುಗಿಸಿ ಸೀರೆ ಉಟ್ಟು ಬಂದಿದ್ದಳಂತೆ.

ಹಿತ್ತಲಲ್ಲಿ ಮಾತಾಡಲು ಬಿಟ್ಟರು. ಅವಳು ಸುತ್ತಿಬಳಸಲಿಲ್ಲ.

"ನಾನು ಅಂಗಡಿ ಬಿಡಲ್ಲ. ಅಪ್ಪನ್ನೂ ಬಿಡಲ್ಲ. ನೀವು ಇಲ್ಲಿಗೆ ಬಂದು ಇರೋದಾದ್ರೆ ನೋಡಿ. ಇಲ್ಲಾಂದ್ರೆ ಉಪ್ಪಿಟ್ಟು ಚೆನ್ನಾಗಿತ್ತು ಅಂತ ಹೇಳಿ ಹೊರಡಿ, ನನಗೇನೂ ಬೇಜಾರಿಲ್ಲ."

ಉತ್ತರ ಕೊಡುವ ಬದಲು ನಾನು ಮೇಡಂ ಕಣಜಗಳ ವಿಷಯ ಹೇಳತೊಡಗಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಅವಳು ಕೈಕಟ್ಟಿ ನಿಂತು ಪೂರ್ತಿ ಕೇಳಿದಳು.

"ಗಂಡು ಅಂತ ಹೇಗೆ ಗೊತ್ತಾಗುತ್ತೆ?"

"ಮುಖ ನೋಡಿ. ಬಿಳಿಚಿಕೊಂಡಿರುತ್ತೆ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎಂಥ ನಗು ನಕ್ಕಳೆಂದರೆ, ಒಳಗಿನಿಂದ ಅವಳ ಅಮ್ಮ ಬಾಗಿಲಿಗೆ ಓಡಿ ಬಂದರು. ನನ್ನ ತೀರ್ಮಾನ ಅಲ್ಲೇ ಆಗಿಹೋಯಿತು.

ದೊಡ್ಡಪ್ಪನದು ಆಗಲಿಲ್ಲ. ಭದ್ರಾವತಿಗೂ ಶಿವಮೊಗ್ಗಕ್ಕೂ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನಾನು ಅಲ್ಲಿಂದಲೇ ದಿನಾ ಕಾಲೇಜಿಗೆ ಬಂದು ಹೋಗಬಹುದಿತ್ತು. ಆದರೆ ಅಡ್ಡವಾಗಿದ್ದದ್ದು ದಾರಿಯಲ್ಲ, ಮನೆಅಳಿಯ ಎಂಬ ಮಾತು. ಗಂಡಸು ಹೆಂಡತಿಯ ಮನೆ ಸೇರುವುದೆಂದರೆ ನಮ್ಮ ಕಡೆ ಅದೊಂದು ತಲೆತಗ್ಗಿಸುವ ವಿಷಯ. ದೊಡ್ಡಪ್ಪ ಊರಿಗೆ ವಾಪಸಾಗುವ ದಾರಿಯುದ್ದಕ್ಕೂ ಬೇರೆಯವರ ಗದ್ದೆ ನೋಡಿಕೊಂಡು ಬಂದರು. ನಾನು ಎರಡು ಸಲ ಊರಿಗೆ ಹೋದಾಗಲೂ ಭತ್ತದ ಮಾತಾಡಿದರೇ ಹೊರತು ಮದುವೆಯ ಮಾತು ಎತ್ತಲಿಲ್ಲ. ಅವರು ಒಲ್ಲೆ ಎಂದರೆ ಅವರನ್ನು ಮೀರಿ ನಾನು ತಾಳಿ ಕಟ್ಟುವವನಲ್ಲ. ಅವರಿಗೂ ಅದು ಗೊತ್ತಿತ್ತು. ಭದ್ರಾವತಿಯವರು ಉತ್ತರಕ್ಕೆ ಕಾಯುತ್ತಿದ್ದರು.

ಒಂದು ಬೆಳಿಗ್ಗೆ ದೊಡ್ಡಪ್ಪನೇ ವಿದ್ಯಾನಗರಕ್ಕೆ ಬಂದರು. ಬಿಳಿ ಪಂಚೆ, ತೋಳಿನ ಮೇಲೆ ಟವೆಲ್ಲು. ಬೇಡ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿ ಮುಗಿಸಲು ಬಂದಿದ್ದಾರೆಂದು ನೋಡಿದ ಕೂಡಲೇ ಗೊತ್ತಾಯಿತು. ಮೇಡಂ ಅವರನ್ನು ನನ್ನ ಕೋಣೆಗೆ ಹೋಗಲು ಬಿಡದೆ ಪೋರ್ಟಿಕೋದಲ್ಲೇ ಕುರ್ಚಿ ಹಾಕಿ ಕೂರಿಸಿದರು. ಕೂತ ಮೇಲೆ ದೊಡ್ಡಪ್ಪ ತಲೆಯೆತ್ತಿದರು. ಗೂಡು ಕಂಡಿತು. ಕುರ್ಚಿ ತಾನಾಗಿ ಹಿಂದೆ ಸರಿಯಿತು.

"ಮೇಡಮ್ಮೋರೆ, ಒಂದು ಪಂಜು ಹಿಡಿದ್ರೆ ಒಂದು ನಿಮಿಷದ ಕೆಲಸ. ನಾನೇ ಸುಟ್ಟು ಕೊಡ್ತೀನಿ."

"ಕೈ ಚಾಚಿ," ಎಂದರು ಮೇಡಂ.

ದೊಡ್ಡಪ್ಪ ಯಾಕೆ ಚಾಚಿದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಹುಶಃ ಲೆಕ್ಚರರ್ ದನಿಗೆ. ಮೇಡಂ ಸ್ಟೂಲು ಹತ್ತಿ, ಚುಕ್ಕೆಯಿದ್ದ ಒಂದು ಗಂಡನ್ನು ಎತ್ತಿ ಆ ಅಂಗೈ ಮೇಲೆ ಬಿಟ್ಟರು. ನೇಗಿಲು ಹಿಡಿದು ಹಿಡಿದು ದಡ್ಡುಗಟ್ಟಿದ ಅಂಗೈ. ಹುಳ ಸ್ವಲ್ಪ ನಡೆದು, ನಿಂತು, ಚುಚ್ಚುವ ಹಾಗೆ ಹೊಟ್ಟೆಯ ತುದಿಯನ್ನು ಬಗ್ಗಿಸಿ ಒತ್ತಿತು. ದೊಡ್ಡಪ್ಪ ಕಣ್ಣು ಮುಚ್ಚಿದರು. ಏನೂ ಆಗಲಿಲ್ಲ. ಒಂದು ಕಣ್ಣು ತೆರೆದರು.

"ಬರೀ ನಾಟಕ," ಎಂದರು ಮೇಡಂ. "ಮುಳ್ಳೇ ಇಲ್ಲ. ಆದರೂ ಇದೆ ಅನ್ನೋ ಹಾಗೆ ತೋರಿಸುತ್ತೆ."

"ನಮ್ಮೂರಲ್ಲೂ ಇದಾರೆ ಇಂಥವರು," ಎಂದರು ದೊಡ್ಡಪ್ಪ. ಅವರ ಹೆಗಲು ಸಡಿಲವಾಯಿತು. ಹುಳವನ್ನು ಕಣ್ಣಿನ ಹತ್ತಿರ ತಂದು, "ಈ ಬಣ್ಣ ಏನಕ್ಕೆ?" ಎಂದು ಕೇಳಿದರು.

ಮೇಡಂ ಹೇಳಿದರು. ಇದು ಇನ್ನೊಂದೆರಡು ದಿನದಲ್ಲಿ ಹೊರಡುತ್ತದೆ, ಬೇರೆ ಗೂಡಿನ ಹೆಣ್ಣನ್ನು ಹುಡುಕಿಕೊಂಡು ಹೋಗುತ್ತದೆ, ಎಲ್ಲಿಗೆಂದು ತಮಗೆ ತಿಳಿಯಬೇಕಾಗಿದೆ. ನನ್ನ ಮದುವೆಯ ಮಾತನ್ನು ಅವರು ಎತ್ತಲೇ ಇಲ್ಲ. ಹುಳ ಅಂಗೈಯ ಅಂಚಿಗೆ ನಡೆದಾಗ ದೊಡ್ಡಪ್ಪ ಇನ್ನೊಂದು ಕೈ ಅಡ್ಡ ಕೊಟ್ಟರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಇದು ತಾನಾಗೇ ಹೋಗುತ್ತಾ, ಇಲ್ಲಾ ಮನೇವ್ರು ಓಡಿಸ್ತಾರಾ?"

ದನಿ ಬೇರೆಯಾಗಿತ್ತು. ಇಷ್ಟು ದಿನ ದೊಡ್ಡಪ್ಪನ ಗಂಟಲಲ್ಲಿ ಸಿಕ್ಕಿಕೊಂಡದ್ದು ಏನೆಂದು ಆಗ ನನಗೆ ಹೊಳೆಯಿತು. ನಾನು ಭದ್ರಾವತಿಗೆ ಹೋಗಿ ಕೂತರೆ ಊರವರು ನನ್ನನ್ನಲ್ಲ, ಅವರನ್ನು ಆಡಿಕೊಳ್ಳುತ್ತಿದ್ದರು. ಅಪ್ಪನಿಲ್ಲದ ಹುಡುಗನನ್ನು ಉಪಾಯವಾಗಿ ಮನೆಯಿಂದ ಹೊರಗೆ ಹಾಕಿದ, ಎಂದು.

"ತಾನಾಗೇ ಹೋಗುತ್ತೆ," ಎಂದರು ಮೇಡಂ. "ಮನೇವ್ರು ತಿನ್ನಿಸಿ ಬೆಳೆಸ್ತಾರೆ. ರೆಕ್ಕೆ ಗಟ್ಟಿ ಆದ್ಮೇಲೆ ಹೋಗುತ್ತೆ."

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಯಾವ ಬುದ್ಧಿಯಿರುವವನೂ ಮುಚ್ಚಿಕೊಂಡಿರುತ್ತಿದ್ದ. ಆದರೆ ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಒಂದೇ, ಅರೆಬರೆ ಮಾಹಿತಿ ಕೇಳಿದರೆ ನಾಲಿಗೆ ತಡೆಯದು.

"ಕೆಲವು ಸಲ ಹೆಣ್ಣುಗಳು ಕಚ್ಚಿ ಓಡಿಸ್ತವೆ ಅಂತ ನೀವೇ ಹೇಳಿದ್ರಲ್ಲ ಮೇಡಂ?" ಎಂದೆ. ಮೇಡಂ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಾನು ನಿಲ್ಲಿಸಲಿಲ್ಲ. "ಮತ್ತೆ ದೊಡ್ಡಪ್ಪ, ಹುಳ ನೋಡಿ ಮನುಷ್ಯರ ವಿಷಯ ತೀರ್ಮಾನ ಮಾಡೋದು ತಪ್ಪು. ಹೀಗೆ ಹೋದ ಗಂಡುಗಳಲ್ಲಿ ಮುಕ್ಕಾಲು ಪಾಲಿಗೆ ಹೆಣ್ಣೇ ಸಿಗಲ್ಲ. ಅಲ್ವಾ ಮೇಡಂ?"

"ನೀನು ಸುಮ್ನಿರೋ ಮಾರಾಯ," ಎಂದರು ಮೇಡಂ, ಹಲ್ಲು ಕಚ್ಚಿ.

"ಇರಿ ಇರಿ ಮೇಡಮ್ಮೋರೆ. ಅವನು ಹೇಳಿದ್ದು ನಿಜವಾ? ಸಿಗಲ್ವಾ?"

ಮೇಡಂ ಸುಳ್ಳು ಹೇಳುವವರಲ್ಲ. "ನಿಜ," ಎಂದರು. "ಬಹಳಷ್ಟಕ್ಕೆ ಸಿಗಲ್ಲ. ಕಾಯ್ತಾ ಕಾಯ್ತಾ ಹಾಗೇ ಸತ್ತು ಹೋಗ್ತವೆ."

ದೊಡ್ಡಪ್ಪ ಅಂಗೈ ಮೇಲಿದ್ದ ಹುಳವನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಹುಳವನ್ನು ನೋಡಿದರು.

"ಮತ್ತೆ ಸಿಕ್ಕಿರೋಳನ್ನ ಬಿಟ್ಟು ಇಲ್ಲಿ ಏನ್ ಮಾಡ್ತಾ ಇದೀಯೋ ಮಂಕೆ?"

ಮೇಡಂ ನಗಲು ಶುರು ಮಾಡಿದವರು ಸ್ಟೂಲಿನ ಮೇಲೇ ಕೂತುಬಿಟ್ಟರು. ದೊಡ್ಡಪ್ಪನೂ ನಕ್ಕರು. ಆ ಅಲುಗಾಟಕ್ಕೆ ಹುಳ ಅಂಗೈಯಿಂದ ಎದ್ದು, ಮೀಟರ್ ಪೆಟ್ಟಿಗೆ ದಾಟಿ, ಕಾಂಪೌಂಡ್ ಆಚೆ ಹಾರಿಹೋಯಿತು. ಗೂಡಿನ ಕಡೆ ತಿರುಗಲಿಲ್ಲ. ಇಷ್ಟನ್ನು ನಾನು ಆಣೆ ಮಾಡಿ ಹೇಳಬಲ್ಲೆ ಎಂದುಕೊಂಡಿದ್ದೆ. ಆಮೇಲೆ ಎಷ್ಟೋ ವರ್ಷದ ಮೇಲೆ ದೊಡ್ಡಪ್ಪ, "ಇಲ್ವೋ, ನಾನೇ ಎತ್ತಿ ಗೂಡಿಗೆ ಬಿಟ್ಟೆನಲ್ಲೋ," ಎಂದರು. ಅಂಗೈ ಅವರದು, ಅವರು ಹೇಳಿದ್ದೇ ಸರಿಯಿರಬೇಕು. ಆದರೆ ನನ್ನ ಕಣ್ಣಲ್ಲಿ ಅದು ಇನ್ನೂ ಕಾಂಪೌಂಡ್ ದಾಟುತ್ತಲೇ ಇದೆ.

ಮದುವೆ ಭದ್ರಾವತಿಯಲ್ಲೇ. ಹಿಂದಿನ ದಿನ ವಿದ್ಯಾನಗರದ ಕೋಣೆ ಖಾಲಿ ಮಾಡಿದೆ. ಟ್ರಂಕು, ಹಾಸಿಗೆ ಎಲ್ಲ ವ್ಯಾನಿಗೆ ಹಾಕಿಯಾಗಿತ್ತು. ಅಮ್ಮ, ದೊಡ್ಡಪ್ಪ ವ್ಯಾನಿನಲ್ಲಿ ಕೂತಿದ್ದರು. ಮೇಡಂ ನನ್ನನ್ನು ಪೋರ್ಟಿಕೋಕ್ಕೆ ಕರೆದರು. ಕೈಯಲ್ಲಿ ಆ ಬಾಟಲಿ.

"ಕೈ ಕೊಡು."

"ಯಾಕೆ ಮೇಡಂ?"

"ಬೆನ್ನಿಗೆ ಹಚ್ಚಿದ್ರೆ ಅಂಗಿ ಹಾಳಾಗುತ್ತೆ."

ಎಡಗೈಯ ಕಿರುಬೆರಳ ಉಗುರಿಗೆ ಬೆಂಕಿಕಡ್ಡಿಯಿಂದ ಒಂದು ಚುಕ್ಕೆ ಇಟ್ಟರು. ಒಣಗಲಿ ಎಂದು ಊದಿದರು. ನನ್ನ ಕೈ ಅವರ ಕೈಯಲ್ಲಿ ಸ್ವಲ್ಪ ಹೊತ್ತಿತ್ತು. ವ್ಯಾನಿನವನು ಹಾರನ್ ಹೊಡೆದ. "ಹೋಯ್ತು," ಎಂದರು ಮೇಡಂ.

ಮರುದಿನ ಮದುವೆಯ ಶಾಸ್ತ್ರಗಳೆಲ್ಲ ಸರಾಗವಾಗಿ ನಡೆದವು. ಸಂಜೆ ಹೆಣ್ಣೊಪ್ಪಿಸುವ ಹೊತ್ತಿಗೆ ಮಾತ್ರ ಎಲ್ಲರೂ ಸಿಕ್ಕಿಬಿದ್ದರು. ತಂದೆತಾಯಿ ಮಗಳ ಕೈಯನ್ನು ಗಂಡಿನ ಕಡೆಯವರ ಕೈಗಿಟ್ಟು, ಇನ್ನು ಇವಳು ನಿಮ್ಮವಳು ಎಂದು ಒಪ್ಪಿಸಿ ಅಳುವ ಶಾಸ್ತ್ರವದು. ಇಲ್ಲಿ ಹೆಣ್ಣು ಹೋಗುತ್ತಿರುವುದು ಎಲ್ಲಿಗೆ? ಛತ್ರದಿಂದ ಎರಡು ಬೀದಿ ದಾಟಿ ತನ್ನ ಮನೆಗೇ. ಒಪ್ಪಿಸುವವರು ಯಾರು, ಒಪ್ಪಿಸಿಕೊಳ್ಳುವವರು ಯಾರು, ಅಳಬೇಕಾದವರು ಯಾರು? ಹೆಂಗಸರು ಸೆರಗು ಹಿಡಿದು ಸಿದ್ಧವಾಗಿ ನಿಂತಿದ್ದರು. ಪುರೋಹಿತರು ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಹಿಂದಿನಿಂದ ಯಾರೋ, "ಅಳಿಯಂಗೇ ಮಡಿಲು ತುಂಬ್ರೋ," ಎಂದರು. ಹುಡುಗರ ಗುಂಪು ಹೋ ಎಂದಿತು.

ಆಗ ದೊಡ್ಡಪ್ಪ ಎದ್ದು ಬಂದರು. ನನ್ನ ಕೈ ಹಿಡಿದರು, ಮಾವನವರ ನಡುಗುವ ಕೈಯ ಮೇಲಿಟ್ಟರು. "ನಮ್ಮ ಹುಡುಗ. ಅಪ್ಪ ಇಲ್ಲ ಅಂತ ಅನ್ನಿಸದ ಹಾಗೆ ಸಾಕಿದೀವಿ," ಎಂದರು. "ನಾವು ಓಡಿಸಿದ್ದಲ್ಲ. ತಾನಾಗೇ ಬಂದಿದಾನೆ. ನೋಡ್ಕೊಳ್ಳಿ." ಇಷ್ಟು ಹೇಳಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅಮ್ಮ ಜೋರಾಗಿ ಅತ್ತಳು. ಅದನ್ನು ಕಂಡು ನನ್ನ ಹೆಂಡತಿಯೂ ಅತ್ತಳು, ತಾನು ಎಲ್ಲಿಗೂ ಹೋಗುತ್ತಿಲ್ಲ ಎಂಬುದನ್ನೇ ಮರೆತು. ಮಾವ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಿರುಗಿಸಿ ನೋಡಿ, "ಇದೇನಪ್ಪ, ಉಗುರಿಗೆ ಗಾಯವಾ?" ಎಂದರು.

ಜನರ ಹಿಂದೆ ಎತ್ತರಕ್ಕೆ ಮೇಡಂ ನಿಂತಿದ್ದರು. ಶಿವಮೊಗ್ಗದಿಂದ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಕನ್ನಡಕ ಏರಿಸಿ, ಕತ್ತು ಉದ್ದ ಮಾಡಿ, ನನ್ನ ಕಿರುಬೆರಳನ್ನೇ ನೋಡುತ್ತಿದ್ದರು. ಕಣ್ಣಿಗೆ ಕಣ್ಣು ಸಿಕ್ಕಿತು. ಆಮೇಲೆ ಊಟದ ಪಂಕ್ತಿಯ ಹತ್ತಿರ ಸಿಕ್ಕಾಗ, "ಕೊನೆಗೂ ಒಂದನ್ನ ನೋಡಿದೆ ಮಾರಾಯ," ಎಂದರು. "ಒಂದರಿಂದ ಏನೂ ಸಾಬೀತಾಗಲ್ಲ, ಗೊತ್ತು. ಹೋಳಿಗೆ ಎಲ್ಲಿ ಬಡಿಸ್ತಾ ಇದಾರೆ ಹೇಳು."

ಆಮೇಲಿನ ವರ್ಷಗಳಲ್ಲಿ ಕಾಲೇಜು ಮುಗಿಸಿ ಬಸ್ಸು ಹಿಡಿಯುವ ಮುಂಚೆ ಎಷ್ಟೋ ಸಲ ಅವರ ಮನೆಗೆ ಹೋಗುತ್ತಿದ್ದೆ. ಮೊದಲ ಸಲ ಹೋದಾಗ, "ಅಲ್ಲಿ ಬರೀ ಊಟ ಹಾಕ್ತಾರಾ, ಕೆಲಸವೂ ಮಾಡಿಸ್ತಾರಾ?" ಎಂದು ಕೇಳಿದರು. ಸಂಜೆ ಹೊತ್ತು ಕಾಯಿಲ್ ಸುತ್ತಲು ಕಲಿಸುತ್ತಿದ್ದಾರೆ ಎಂದೆ. "ಹಾಗಾದ್ರೆ ಹೋಲಿಕೆ ಅಲ್ಲಿಗೆ ಮುಗೀತು. ನೀನು ಕಣಜ ಅಲ್ಲ," ಎಂದು ತೀರ್ಪು ಕೊಟ್ಟರು. ಗೂಡು ಒಮ್ಮೆ ಖಾಲಿಯಾಯಿತು, ಪಕ್ಕದಲ್ಲೇ ಇನ್ನೊಂದು ಹುಟ್ಟಿತು. ಮೇಡಂ ಸ್ಟೂಲು ಹತ್ತುವುದನ್ನು ನಿಲ್ಲಿಸಿ ಕೆಳಗೆ ಕುರ್ಚಿಯಿಂದಲೇ ನೋಡತೊಡಗಿದರು. ಮಗಳು ಹುಟ್ಟಿದಳು, ಅಂಗಡಿ ದೊಡ್ಡದಾಯಿತು, ವಾರಕ್ಕೊಮ್ಮೆಯಿದ್ದ ನನ್ನ ಭೇಟಿಗಳು ತಿಂಗಳಿಗೊಮ್ಮೆಯಾದವು, ಆಮೇಲೆ ಹಬ್ಬಕ್ಕೆ ಒಂದು ಫೋನು… ಅವರು ಹೋದ ಸುದ್ದಿಯೂ ಫೋನಿನಲ್ಲೇ ಬಂತು.

ಹನ್ನೊಂದನೆಯ ದಿನ ಹೋದೆ. ಸಂಬಂಧಿಕರು ಮನೆಯನ್ನೆಲ್ಲ ತೊಳೆದು ಶುದ್ಧ ಮಾಡಿದ್ದರು. ಪೋರ್ಟಿಕೋದ ಮೂಲೆಯೂ ಸ್ವಚ್ಛವಾಗಿತ್ತು. ಮೀಟರ್ ಪೆಟ್ಟಿಗೆಯ ಮೇಲೆ, ಗೂಡಿನ ಕಡ್ಡಿಕಾಲು ಅಂಟಿದ್ದ ಜಾಗದಲ್ಲಿ, ಒಂದು ಸಣ್ಣ ಕಪ್ಪು ಚುಕ್ಕೆ ಉಳಿದಿತ್ತು. ಮೊಳೆ ಹೊಡೆದ ಗುರುತೂ ಇರಬಹುದು. ಹತ್ತಿರ ಹೋಗಿ ಪರೀಕ್ಷಿಸೋಣ ಎಂದುಕೊಂಡೆ. ಯಾಕೋ ಆ ದಿನ ಪರೀಕ್ಷಿಸಲಿಲ್ಲ.

ಇದನ್ನೆಲ್ಲ ಮೊನ್ನೆ ಜಗಲಿಯಲ್ಲಿ ಮಗಳಿಗೆ ಹೇಳಿದೆ. ಅವಳು ಮದುವೆ ಆಲ್ಬಂ ತಂದಳು. ಕೈ ಒಪ್ಪಿಸುವ ಫೋಟೋ ಇದೆ. ದೊಡ್ಡಪ್ಪ ಇದ್ದಾರೆ, ಮಾವ ಇದ್ದಾರೆ, ನನ್ನ ಬಿಳಿಚಿದ ಮುಖವೂ ಇದೆ. ಬೆರಳು ಮಾತ್ರ ಮಾವನ ಎರಡು ಕೈಗಳ ಒಳಗೆ ಮುಚ್ಚಿಹೋಗಿದೆ. ಹಿಂದೆ ಮೇಡಂ ನಿಂತಿದ್ದ ಜಾಗದಲ್ಲಿ ಫ್ಲಾಶ್ ಬೆಳಕು ಬಿದ್ದ ಒಂದು ಕನ್ನಡಕದಂಥದ್ದು ಕಾಣುತ್ತದೆ. ಅದು ಅವರದೇ ಎಂದು ಹೇಳಲು ನನ್ನ ಹತ್ತಿರ ಪುರಾವೆಯಿಲ್ಲ.

"ಅಪ್ಪ, ಕೈ ಕೊಡಿ," ಎಂದಳು ಮಗಳು. "ಯಾವ ಬೆರಳು?"

"ಎಡಗೈ ಕಿರುಬೆರಳು."

"ಬಲಗೈ ಹೆಬ್ಬೆರಳು ಕಣ್ರೀ," ಎಂದು ಒಳಗಿನಿಂದ ಕೂಗಿದಳು ಹೆಂಡತಿ. "ನಮ್ಮಪ್ಪ ಹಿಡ್ಕೊಂಡಿದ್ದು ನನಗೆ ಗೊತ್ತಿಲ್ವಾ?"

ಮಗಳು ತಕರಾರು ಬೇಡವೆಂದು ಎರಡಕ್ಕೂ ಒಂದೊಂದು ಚುಕ್ಕೆ ಇಟ್ಟಳು. ಊದಿ ಒಣಗಿಸಿದಳು. ಸೋಮವಾರ ಹಾಗೇ ಬಸ್ಸು ಹತ್ತಿ ಕಾಲೇಜಿಗೆ ಹೋದೆ. ಹುಡುಗರು ನೋಡಿ ಮುಸಿಮುಸಿ ನಕ್ಕರು. ಸಂಜೆ ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಕಾಲು ತಾನಾಗಿ ವಿದ್ಯಾನಗರದ ಕಡೆ ತಿರುಗಿತು. ನಾನೇನೋ ಚುಕ್ಕೆ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಆದರೆ ಚುಕ್ಕೆಯದು ಎಲ್ಲಾದರೂ ಕಂಡರೆ ಬಂದು ಹೇಳಿ ಎಂದು ಬೀದಿಗೆಲ್ಲ ಹೇಳಿಟ್ಟವರು ಈಗ ಆ ಮನೆಯಲ್ಲಿ ಇಲ್ಲ. ತಿರುಗಿದ ಕಾಲನ್ನು ಬಸ್ಸು ನಿಲ್ಲುವ ಕಡೆಗೇ ತಿರುಗಿಸಿಕೊಂಡೆ. ಆಮೇಲೆ ಭದ್ರಾವತಿ ಬಸ್ಸು ಬಂತು. ಹತ್ತಿದೆ.